ಸೇಂಟ್ ಥಾಮಸ್ ಅಥವಾ ಸೇಂಟ್ ಮಾರ್ಟೆನ್: ಹಡಗಿನಿಂದ ಇಳಿಯುವ ಆ ಒಂದು ದಿನ ಎಲ್ಲಿ?

ಫ್ಲೋರಿಡಾದಿಂದ ಏಳು ರಾತ್ರಿಗೆ ಹೊರಡುವ ಪೂರ್ವ ಕೆರಿಬಿಯನ್ ಕ್ರೂಸ್‌ಗಳಲ್ಲಿ ಸೇಂಟ್ ಥಾಮಸ್ ಮತ್ತು ಸೇಂಟ್ ಮಾರ್ಟೆನ್ ಪದೇ ಪದೇ ಕಾಣಿಸುವ ಹೆಸರುಗಳು. ಕೆಲವು ಹಡಗುಗಳು ಒಂದರಲ್ಲಷ್ಟೇ ನಿಲ್ಲುತ್ತವೆ. ಆಗ ಯಾವುದು ಬೇಕೆಂದು ಬುಕಿಂಗ್ ಮಾಡುವಾಗಲೇ ತೀರ್ಮಾನಿಸಬೇಕು. ಹಲವು ಹಡಗುಗಳು ಎರಡಕ್ಕೂ ಹೋಗುತ್ತವೆ. ಆಗ ಕೇಳಿಕೊಳ್ಳಬೇಕಾದ್ದು ಬೇರೆ: ದುಡ್ಡನ್ನೂ ಕಾಲಿನ ಕಸುವನ್ನೂ ಎಲ್ಲಿ ಖರ್ಚು ಮಾಡುವುದು, ಎಲ್ಲಿ ಸುಮ್ಮನೆ ಅಡ್ಡಾಡಿ ಮಧ್ಯಾಹ್ನದ ಊಟಕ್ಕೆ ಹಡಗಿಗೆ ವಾಪಸಾಗುವುದು?

ಫೋಟೊ ನೋಡಿ ಆರಿಸಲು ಹೊರಟರೆ ದಾರಿ ತಪ್ಪುತ್ತದೆ, ಏಕೆಂದರೆ ಎರಡೂ ಕಡೆ ಅದೇ ನೀಲಿ ನೀರು, ಅದೇ ಬಿಳಿ ಮರಳು. ದ್ವೀಪಗಳ ಅಳತೆಯೂ ಹೆಚ್ಚುಕಡಿಮೆ ಒಂದೇ, ಸೇಂಟ್ ಥಾಮಸ್ 83 ಚದರ ಕಿ.ಮೀ., ಸೇಂಟ್ ಮಾರ್ಟೆನ್ 87. ನಿಜವಾದ ವ್ಯತ್ಯಾಸ ಹಡಗುಕಟ್ಟೆಯಿಂದ ಮರಳಿನವರೆಗಿನ ದಾರಿಯಲ್ಲಿದೆ. ಸೇಂಟ್ ಮಾರ್ಟೆನ್‌ನಲ್ಲಿ ಊರಿನ ಅಂಚಿಗೇ ಕಡಲತೀರ ಅಂಟಿಕೊಂಡಿದೆ, ನಡೆದೇ ಹೋಗಬಹುದು. ಸೇಂಟ್ ಥಾಮಸ್‌ನ ಒಳ್ಳೆಯ ತೀರಗಳೆಲ್ಲ ಗುಡ್ಡದಾಚೆ ಇವೆ, ವಾಹನ ಹತ್ತದೆ ವಿಧಿಯಿಲ್ಲ. ಆದರೆ ಆ ಗುಡ್ಡ ದಾಟಿದವರಿಗೆ ಸಿಗುವ ನೀರು ಸೇಂಟ್ ಮಾರ್ಟೆನ್‌ನ ಊರ ತೀರಕ್ಕಿಂತ ಮೇಲು.

ಮೊದಲು ಗಂಟೆಯ ಲೆಕ್ಕ

ವೇಳಾಪಟ್ಟಿಯಲ್ಲಿ ಬೆಳಗ್ಗೆ 8ರಿಂದ ಸಂಜೆ 5 ಎಂದಿದ್ದರೆ ಒಂಬತ್ತು ಗಂಟೆ ಸಿಕ್ಕಿತು ಅಂದುಕೊಳ್ಳಬೇಡಿ. ಬಂದರಿನ ಅಧಿಕಾರಿಗಳ ಅನುಮತಿ ಸಿಕ್ಕಿ, ಗ್ಯಾಂಗ್‌ವೇ (ಹಡಗಿನಿಂದ ಇಳಿಯುವ ಸೇತುವೆ) ತೆರೆದು, ಸಾಲಿನಲ್ಲಿ ಇಳಿಯುವಷ್ಟರಲ್ಲಿ ಎಂಟೂವರೆ. ಎಲ್ಲರೂ ಹಡಗಿನೊಳಗೆ ಇರಬೇಕಾದ ಹೊತ್ತು ಹೊರಡುವುದಕ್ಕಿಂತ ಅರ್ಧ ಗಂಟೆಯೋ ಒಂದು ಗಂಟೆಯೋ ಮುಂಚೆ ಇರುತ್ತದೆ. ಕೊನೇ ಗಳಿಗೆಯಲ್ಲಿ ಎಲ್ಲರೂ ಒಟ್ಟಿಗೆ ಬರುವುದರಿಂದ ಸೆಕ್ಯುರಿಟಿ ಸಾಲಿಗೆ ಇನ್ನೊಂದು ಕಾಲು ಗಂಟೆ. ಕೈಗೆ ಉಳಿಯುವುದು ಏಳು, ಏಳೂವರೆ ಗಂಟೆ ಅಷ್ಟೇ.

ಇನ್ನೊಂದು ತೊಡಕು ಗಡಿಯಾರದ್ದು. ಎರಡೂ ದ್ವೀಪಗಳಲ್ಲಿ ವರ್ಷಪೂರ್ತಿ ಒಂದೇ ಸಮಯ. ಬೇಸಿಗೆಯಲ್ಲಿ ಅದು ಮಯಾಮಿಯ ಸಮಯಕ್ಕೆ ಸರಿಹೊಂದುತ್ತದೆ. ನವೆಂಬರ್ ಮೊದಲ ವಾರದಿಂದ ಮಾರ್ಚ್ ಮಧ್ಯದವರೆಗೆ ಮಾತ್ರ ದ್ವೀಪಗಳು ಒಂದು ಗಂಟೆ ಮುಂದಿರುತ್ತವೆ. ಕೆಲವು ಹಡಗುಗಳು ಆಗ ತಮ್ಮ ಗಡಿಯಾರ ಬದಲಿಸಿಕೊಳ್ಳುತ್ತವೆ, ಕೆಲವು ಮಯಾಮಿ ಸಮಯದಲ್ಲೇ ಮುಂದುವರಿಯುತ್ತವೆ. ಹಡಗಿನವರು ಗಡಿಯಾರ ಬದಲಿಸಿ ನೀವು ಬದಲಿಸದಿದ್ದರೆ, ನಿಮ್ಮ ಕೈಗಡಿಯಾರದಲ್ಲಿ ಮೂರೂವರೆ ಆಗಿದ್ದಾಗ ಹಡಗಿನಲ್ಲಿ ನಾಲ್ಕೂವರೆ! ಏರ್‌ಪ್ಲೇನ್ ಮೋಡ್‌ನಲ್ಲಿಟ್ಟ ಫೋನ್ ಕೂಡ ಹಳೆಯ ಸಮಯವನ್ನೇ ತೋರಿಸುತ್ತಿರಬಹುದು. ಇಳಿಯುವಾಗ ಗ್ಯಾಂಗ್‌ವೇ ಬಳಿಯ ಬೋರ್ಡಿನಲ್ಲಿರುವ ಹಡಗಿನ ಸಮಯವನ್ನೂ ಹತ್ತಬೇಕಾದ ಗಂಟೆಯನ್ನೂ ಒಂದು ಫೋಟೊ ತೆಗೆದಿಟ್ಟುಕೊಳ್ಳಿ. ಟ್ಯಾಕ್ಸಿಯವರು, ಫೆರಿಯವರು ಹೇಳುವುದೆಲ್ಲ ದ್ವೀಪದ ಸಮಯ ಎಂಬುದೂ ನೆನಪಿರಲಿ.

ಸೇಂಟ್ ಮಾರ್ಟೆನ್: ನಡೆದು ಮುಗಿಸಬಹುದಾದ ದಿನ

ಒಂದೇ ದ್ವೀಪ, ಎರಡು ದೇಶ. ದಕ್ಷಿಣದ ಭಾಗ ಡಚ್ಚರದು, ಉತ್ತರದ್ದು ಫ್ರೆಂಚರದು. 1648ರ ಕಾಂಕಾರ್ಡಿಯಾ ಒಪ್ಪಂದದಿಂದ ಆದ ಪಾಲು. ಹಡಗುಗಳು ನಿಲ್ಲುವುದು ಡಚ್ ಕಡೆಯ ಪಾಯಿಂಟ್ ಬ್ಲಾಂಚ್‌ನಲ್ಲಿ. ಅಲ್ಲಿಂದ ರಾಜಧಾನಿ ಫಿಲಿಪ್ಸ್‌ಬರ್ಗ್ ಸುಮಾರು ಒಂದೂವರೆ ಕಿ.ಮೀ., ಇಪ್ಪತ್ತು ನಿಮಿಷದ ನಡಿಗೆ. ದಾರಿ ಸಮತಟ್ಟಾದರೂ ನೆರಳು ಕಡಿಮೆ. ಹನ್ನೊಂದರ ಬಿಸಿಲಿನಲ್ಲಿ ವಯಸ್ಸಾದವರನ್ನು ನಡೆಸುವುದಕ್ಕಿಂತ ಕಟ್ಟೆಯ ಪಕ್ಕದಿಂದಲೇ ಹೊರಡುವ ವಾಟರ್ ಟ್ಯಾಕ್ಸಿ ಹತ್ತುವುದು ಜಾಣತನ. ಕೊಲ್ಲಿಗೆ ಅಡ್ಡವಾಗಿ ಸಾಗಿ ಐದು-ಹತ್ತು ನಿಮಿಷದಲ್ಲಿ ಊರಿನ ಕಡಲಂಚಿನ ನಡಿಗೆದಾರಿಯಾದ ಬೋರ್ಡ್‌ವಾಕ್‌ಗೆ ತಂದಿಳಿಸುತ್ತದೆ. ಟಿಕೆಟ್ ಒಂದು ಬದಿಯದೋ ದಿನವಿಡೀ ನಡೆಯುವುದೋ ಎಂದು ಕೇಳಿ ಕೊಳ್ಳಿ. ಅಲ್ಲಿ ಹಾಕುವ ಕೈಪಟ್ಟಿ ಕಳೆದುಕೊಂಡರೆ ವಾಪಸಿಗೆ ಮತ್ತೆ ದುಡ್ಡು ಕೊಡಬೇಕಾದೀತು.

ಬೋರ್ಡ್‌ವಾಕ್‌ನ ಪಕ್ಕದಲ್ಲೇ ಗ್ರೇಟ್ ಬೇ ತೀರ. ಪ್ರವೇಶ ಶುಲ್ಕವಿಲ್ಲ. ಎರಡು ಕುರ್ಚಿ, ಒಂದು ಕೊಡೆ, ಜೊತೆಗೆ ಒಂದೆರಡು ಪಾನೀಯ ಸೇರಿಸಿ ಬಾಡಿಗೆ ಹೇಳುತ್ತಾರೆ. ಬಂದರಿನಲ್ಲಿ ಒಂದೋ ಎರಡೋ ಹಡಗಷ್ಟೇ ಇದ್ದ ದಿನ ಚೌಕಾಸಿಗೆ ಜಗ್ಗುತ್ತಾರೆ, ಐದಾರು ಹಡಗು ನಿಂತ ದಿನ ಮುಲಾಜಿಲ್ಲ. ನೀರು ಸಾಮಾನ್ಯವಾಗಿ ಶಾಂತ, ಮಕ್ಕಳಿಗೆ ಅಡ್ಡಿಯಿಲ್ಲ. ಬೋರ್ಡ್‌ವಾಕ್ ಸಮತಟ್ಟಾಗಿರುವುದರಿಂದ ಗಾಲಿಕುರ್ಚಿಯೂ ಸಲೀಸಾಗಿ ಓಡುತ್ತದೆ. ಸ್ನಾರ್ಕಲ್ (ನೀರಲ್ಲಿ ಉಸಿರಾಡುವ ಕೊಳವೆ) ಹಾಕಿ ಮೀನು ನೋಡುವ ಆಸೆಯಿದ್ದವರಿಗೆ ಮಾತ್ರ ಇಲ್ಲಿ ನಿರಾಸೆಯೇ. ತಳದಲ್ಲಿ ಮರಳು ಬಿಟ್ಟರೆ ಹೆಚ್ಚೇನಿಲ್ಲ.

ಈ ದ್ವೀಪಕ್ಕೆ ಬಂದವರಲ್ಲಿ ಅರ್ಧದಷ್ಟು ಜನ ಕೇಳುವುದು ಮಾಹೋ ತೀರವನ್ನು. ಪ್ರಿನ್ಸೆಸ್ ಜೂಲಿಯಾನಾ ವಿಮಾನ ನಿಲ್ದಾಣದ ರನ್‌ವೇ ಈ ತೀರದ ಬೆನ್ನಿಗೇ ಶುರುವಾಗುತ್ತದೆ. ರನ್‌ವೇ ಉದ್ದ ಸುಮಾರು 2,300 ಮೀಟರ್ ಮಾತ್ರ. ದೊಡ್ಡ ವಿಮಾನ ಇಳಿಯಬೇಕಾದರೆ ರನ್‌ವೇಯ ಈ ತುದಿಯಲ್ಲೇ ನೆಲ ಮುಟ್ಟಬೇಕು, ಹಾಗಾಗಿ ಮರಳಿನ ಮೇಲೆ ನಿಂತವರ ತಲೆಯ ಮೇಲೇ ಹಾದುಬರುತ್ತದೆ. ಡಚ್ ವಿಮಾನ ಸಂಸ್ಥೆ ಕೆಎಲ್‌ಎಂನ ಜಂಬೊ 747 ಇಲ್ಲಿಗೆ ಬರುವುದು 2016ರಲ್ಲೇ ನಿಂತಿತು. ಈಗ ಆಮ್‌ಸ್ಟರ್‌ಡ್ಯಾಮ್, ಪ್ಯಾರಿಸ್‌ನಿಂದ ಬರುವ ಏರ್‌ಬಸ್‌ಗಳೇ ದೊಡ್ಡವು. ಅವು ದಿನಾ ಬರುವುದಿಲ್ಲ, ಬಂದರೂ ಹೆಚ್ಚಾಗಿ ಮಧ್ಯಾಹ್ನದ ಮೇಲೆ. ಅಮೆರಿಕದ ನಗರಗಳಿಂದ ಬರುವ ಮಧ್ಯಮ ಗಾತ್ರದ ವಿಮಾನಗಳದೂ ಹೆಚ್ಚುಕಡಿಮೆ ಅದೇ ಹೊತ್ತು. ಬೆಳಗ್ಗೆ ಒಂಬತ್ತಕ್ಕೇ ಹೋಗಿ ಕೂತರೆ ನೋಡಸಿಗುವುದು ಪಕ್ಕದ ದ್ವೀಪಗಳಿಗೆ ಹಾರುವ ಪುಟ್ಟ ವಿಮಾನಗಳು ಮಾತ್ರ. ಹಿಂದಿನ ರಾತ್ರಿಯೇ ಆ ದಿನದ ಆಗಮನದ ಪಟ್ಟಿ ನೋಡಿಟ್ಟುಕೊಳ್ಳಿ. ಮಧ್ಯಾಹ್ನ ಎರಡು ಗಂಟೆಯೊಳಗೆ ಇಳಿಯುವ ಒಂದೂ ದೊಡ್ಡ ವಿಮಾನ ಇಲ್ಲವೆಂದರೆ ಮಾಹೋ ಕೈಬಿಡಿ.

ಇಳಿಯುವ ವಿಮಾನ ನೋಡಲಿಕ್ಕೆ ಚೆಂದ. ಅಪಾಯ ಇರುವುದು ಏರುವ ವಿಮಾನದಿಂದ. ಅದು ಬಾಲವನ್ನು ತೀರದ ಕಡೆ ಮಾಡಿ ಬೇಲಿಯ ಹತ್ತಿರವೇ ನಿಂತು ಎಂಜಿನ್ನಿಗೆ ಪೂರ್ತಿ ವೇಗ ಕೊಡುತ್ತದೆ. ಆ ಗಾಳಿಗೆ ಸಣ್ಣ ಕಲ್ಲು, ಮರಳು ಗುಂಡಿನಂತೆ ಬಂದು ಬಡಿಯುತ್ತವೆ. ಬೇಲಿ ಹಿಡಿದು ಜೋತಾಡುವುದನ್ನೇ ಆಟ ಮಾಡಿಕೊಂಡವರಿದ್ದಾರೆ. 2017ರ ಜುಲೈನಲ್ಲಿ ನ್ಯೂಜಿಲೆಂಡಿನ ಮಹಿಳೆಯೊಬ್ಬರು ಹೀಗೆಯೇ ಹಿಂದಕ್ಕೆ ಎಸೆಯಲ್ಪಟ್ಟು ತಲೆಗೆ ಪೆಟ್ಟಾಗಿ ತೀರಿಕೊಂಡರು. ಎಚ್ಚರಿಕೆಯ ಫಲಕ ಅಲ್ಲೇ ಇದೆ. ರನ್‌ವೇಯ ನೇರದಿಂದ ಪಕ್ಕಕ್ಕೆ ಸರಿದು, ಕನ್ನಡಕ ತೆಗೆದಿಟ್ಟು, ಮಕ್ಕಳ ಕೈ ಹಿಡಿದು ನಿಲ್ಲಿ. ಈಜುವುದಕ್ಕೂ ಮಾಹೋ ಒಳ್ಳೆಯ ಜಾಗವಲ್ಲ. ತೀರ ಥಟ್ಟನೆ ಇಳಿಯುತ್ತದೆ, ಅಲೆ ಜೋರು.

ದಿನ ಕೆಡುವುದು ವಾಪಸು ಬರುವಾಗ. ಹಡಗುಕಟ್ಟೆಯಿಂದ ಮಾಹೋಗೆ ದೂರ ಹದಿಮೂರು ಕಿ.ಮೀ. ಆಸುಪಾಸು. ಬೆಳಗ್ಗೆ ಅರ್ಧ ಗಂಟೆಯಲ್ಲಿ ಮುಟ್ಟಿಸುವ ಅದೇ ರಸ್ತೆ ಮಧ್ಯಾಹ್ನ ಮೂರರ ಮೇಲೆ ಒಂದು ಗಂಟೆ ತಿನ್ನುತ್ತದೆ. ಇರುವುದೇ ಒಂದು ಮುಖ್ಯರಸ್ತೆ, ಅದರಲ್ಲೂ ಸಿಂಪ್ಸನ್ ಬೇ ಸೇತುವೆಯನ್ನು ದೋಣಿಗಳಿಗಾಗಿ ದಿನಕ್ಕೆ ಹಲವು ಬಾರಿ ಎತ್ತುತ್ತಾರೆ. ಎತ್ತಿದಾಗ ಎರಡೂ ಬದಿ ವಾಹನ ಸಾಲುಗಟ್ಟುತ್ತವೆ. ಐದಕ್ಕೆ ಹಡಗು ಹೊರಡುವುದಾದರೆ ಎರಡೂವರೆಗೆ ಮಾಹೋ ಬಿಡಬೇಕು. ತಡವಾಗಿ ಬರುವ ಪ್ಯಾರಿಸ್ ವಿಮಾನ ನೋಡಿಯೇ ಹೊರಡೋಣ ಎಂದು ಕೂತವರೇ ಸಂಜೆ ಕಟ್ಟೆಯ ಮೇಲೆ ಓಡುತ್ತ ಬರುವವರು.

ಫ್ರೆಂಚ್ ಕಡೆಗೆ ಹೋಗುವ ರಸ್ತೆಯಲ್ಲಿ ಗಡಿ ಠಾಣೆ ಇಲ್ಲ, ಒಂದು ಸ್ಮಾರಕ ಕಂಬ ದಾಟಿದರೆ ಇನ್ನೊಂದು ದೇಶ. ಭಾರತದ ಪಾಸ್‌ಪೋರ್ಟ್ ಇರುವವರು ಆ ಕಡೆ ಹೋಗುವ ಯೋಚನೆಯಿದ್ದರೆ ಯಾವ ಕಾಗದ ಬೇಕೆಂದು ಹಡಗಿನ ಗೆಸ್ಟ್ ಸರ್ವಿಸ್ ಮೇಜಿನಲ್ಲಿ ಮುಂಚೆಯೇ ಕೇಳಿಕೊಳ್ಳಿ. ಪೂರ್ವ ತೀರದ ಓರಿಯಂಟ್ ಬೇ ಅಗಲವಾದ, ಚೆಲುವಾದ ಕಡಲತೀರ. ಆದರೆ ಅಟ್ಲಾಂಟಿಕ್‌ಗೆ ಮುಖ ಮಾಡಿರುವುದರಿಂದ ಬೇಸಿಗೆಯ ತಿಂಗಳುಗಳಲ್ಲಿ ಸಾರ್ಗಾಸಮ್ ಎಂಬ ಕಂದು ಪಾಚಿ ರಾಶಿಯಾಗಿ ಬಂದು ಬೀಳುವುದುಂಟು. ಕೊಳೆತಾಗ ಕೆಟ್ಟ ಕೋಳಿಮೊಟ್ಟೆಯ ವಾಸನೆ. ದಕ್ಷಿಣದ ತುದಿಯಲ್ಲಿ ಬಟ್ಟೆಯಿಲ್ಲದೆ ಓಡಾಡುವವರೂ ಇರುತ್ತಾರೆ. ಅತ್ತೆ-ಮಾವನ ಜೊತೆ ಹೋಗುವವರು ಈ ಮಾತನ್ನು ಗಮನಿಸಿ.

ಸೇಂಟ್ ಥಾಮಸ್: ಗುಡ್ಡ ದಾಟುವ ದಿನ

ಇದು ಅಮೆರಿಕದ ನೆಲ. 1917ರಲ್ಲಿ ಡೆನ್ಮಾರ್ಕ್‌ನಿಂದ ಎರಡೂವರೆ ಕೋಟಿ ಡಾಲರ್ ಬೆಲೆಯ ಚಿನ್ನ ಕೊಟ್ಟು ಕೊಂಡುಕೊಂಡದ್ದು. ಹಾಗಿದ್ದರೂ ವಾಹನ ಓಡಿಸುವುದು ನಮ್ಮ ಹಾಗೆ ರಸ್ತೆಯ ಎಡಗಡೆ, ಸ್ಟೀರಿಂಗ್ ಮಾತ್ರ ಅಮೆರಿಕದ ಕಾರಿನಂತೆ ಎಡಕ್ಕೇ. ಕಡಿದಾದ ತಿರುವುಗಳಲ್ಲಿ ಎದುರಿನ ವಾಹನ ಸರಿಯಾಗಿ ಕಾಣುವುದಿಲ್ಲ. ಒಂದು ದಿನಕ್ಕೆಂದು ಕಾರು ಬಾಡಿಗೆಗೆ ತೆಗೆದುಕೊಳ್ಳುವ ಉಸಾಬರಿ ಬೇಡ.

ಹಡಗು ನಿಲ್ಲುವ ಕಟ್ಟೆ ಎರಡಿವೆ. ರಾಜಧಾನಿ ಶಾರ್ಲಟ್ ಅಮಾಲಿಯ ಪೂರ್ವಕ್ಕೆ ಹ್ಯಾವೆನ್‌ಸೈಟ್, ಪಶ್ಚಿಮಕ್ಕೆ ಕ್ರೌನ್ ಬೇ. ನಿಮ್ಮದು ಯಾವುದೆಂದು ಮೊದಲೇ ತಿಳಿದುಕೊಳ್ಳಿ. ಕ್ರೌನ್ ಬೇ ಆದರೆ ಪೂರ್ವದ ತೀರಗಳಿಗೆ ಹೋಗಲು ಊರೊಳಗಿನ ದಟ್ಟಣೆ ದಾಟಬೇಕು, ಹದಿನೈದು-ಇಪ್ಪತ್ತು ನಿಮಿಷ ಹೆಚ್ಚು ಹಿಡಿಯುತ್ತದೆ.

ಟ್ಯಾಕ್ಸಿ ಎಂದರೆ ಇಲ್ಲಿ ಹೆಚ್ಚಾಗಿ ಸಫಾರಿ: ಟ್ರಕ್ಕಿನ ಹಿಂಭಾಗದಲ್ಲಿ ಬೆಂಚುಗಳ ಸಾಲು, ಮೇಲೆ ಮಾಡು, ಪಕ್ಕಕ್ಕೆ ಗೋಡೆಯಿಲ್ಲ. ಮೀಟರ್ ಇಲ್ಲ, ಸರಕಾರವೇ ದರ ಗೊತ್ತುಮಾಡಿದೆ, ಅದೂ ತಲೆಗಿಷ್ಟು ಎಂದು. ಒಬ್ಬರೇ ಹೋದರೆ ಒಂದು ದರ, ಇಬ್ಬರು ಅಥವಾ ಹೆಚ್ಚು ಜನ ಹೋದರೆ ತಲೆಗೆ ಅದಕ್ಕಿಂತ ಕಡಿಮೆ. ನಾಲ್ಕು ಜನರ ಕುಟುಂಬ ಹೋಗಿಬರುವಷ್ಟರಲ್ಲಿ ಎಂಟು ತಲೆಯ ದರ ಆಗುತ್ತದೆ, ಇದನ್ನು ಲೆಕ್ಕಕ್ಕೆ ಹಿಡಿಯದವರೇ ಜಾಸ್ತಿ. ಗಾಡಿ ತುಂಬುವವರೆಗೆ ಹೊರಡುವುದಿಲ್ಲ. ತಿರುವಿನ ರಸ್ತೆಗೆ ವಾಕರಿಕೆ ಬರುವವರು ಮುಂದಿನ ಬೆಂಚಿನಲ್ಲಿ ಕೂರಬೇಕು.

ಉತ್ತರದ ಮೇಗನ್ಸ್ ಬೇ ಸುಮಾರು 1.2 ಕಿ.ಮೀ. ಉದ್ದದ ತೀರ. ಕೊಲ್ಲಿ ಒಳಕ್ಕೆ ಚಾಚಿರುವುದರಿಂದ ಅಲೆ ಇಲ್ಲವೆನ್ನುವಷ್ಟು ಕಡಿಮೆ. ತುಂಬ ದೂರದವರೆಗೆ ಸೊಂಟದ ಮಟ್ಟದ ನೀರು, ಲೈಫ್‌ಗಾರ್ಡ್, ಶೌಚಾಲಯ, ಸ್ನಾನದ ನಲ್ಲಿ, ತಿಂಡಿಯ ಕೌಂಟರ್, ನೈಜ ಮರದ ನೆರಳು ಎಲ್ಲ ಇದೆ. ಪ್ರವೇಶ ಶುಲ್ಕ ಉಂಟು. ಪುಟ್ಟ ಮಕ್ಕಳು, ಈಜು ಬಾರದ ಹಿರಿಯರು ಇರುವ ಕುಟುಂಬಕ್ಕೆ ಈ ಎರಡು ದ್ವೀಪಗಳಲ್ಲೇ ಇದಕ್ಕಿಂತ ನಿಶ್ಚಿಂತೆಯ ಜಾಗ ಸಿಗುವುದು ಕಷ್ಟ. ಗೇಟಿನ ಹತ್ತಿರ ಜನ ಗಿಜಿಗುಡುತ್ತಾರೆ, ಐದು ನಿಮಿಷ ಪಕ್ಕಕ್ಕೆ ನಡೆದರೆ ಸಾಕು. ಇಲ್ಲೂ ಮೀನು ಕಾಣುವುದು ಅಷ್ಟಕ್ಕಷ್ಟೇ. ಅದು ಬೇಕೆಂದರೆ ಕೋಕಿ ತೀರಕ್ಕೆ ಹೋಗಿ. ಸೊಂಟದ ನೀರಿಗಿಳಿದು ಮುಖ ಮುಳುಗಿಸಿದರೆ ಸಾಕು, ಪಟ್ಟೆಪಟ್ಟೆ ಮೀನುಗಳು ಸುತ್ತುವರಿಯುತ್ತವೆ. ಆದರೆ ಜಾಗ ಇಕ್ಕಟ್ಟು, ಮಾರುವವರ ಕಾಟ ಹೆಚ್ಚು, ಹತ್ತೂವರೆಯ ಮೇಲೆ ಕುರ್ಚಿ ಸಿಗುವುದಿಲ್ಲ.

ಸನ್‌ಸ್ಕ್ರೀನ್ ಬಗ್ಗೆ ಒಂದು ಮಾತು. ಆಕ್ಸಿಬೆನ್‌ಜೋನ್, ಆಕ್ಟಿನಾಕ್ಸೇಟ್, ಆಕ್ಟೋಕ್ರಿಲೀನ್ ಎಂಬ ರಾಸಾಯನಿಕಗಳಿರುವವು ಇಲ್ಲಿ 2020ರ ಮಾರ್ಚ್‌ನಿಂದ ನಿಷಿದ್ಧ, ಹವಳಕ್ಕೆ ಹಾನಿ ಎಂಬ ಕಾರಣಕ್ಕೆ. ಟ್ಯೂಬಿನ ಹಿಂದೆ ಝಿಂಕ್ ಆಕ್ಸೈಡ್ ಎಂದು ಇರುವುದನ್ನು ಊರಿನಿಂದಲೇ ತಂದುಕೊಳ್ಳಿ. ತುಂಬುತೋಳಿನ ಈಜುಅಂಗಿ ಇದ್ದರೆ ಕ್ರೀಮು ಕಾಲುಭಾಗ ಸಾಕು.

ಸೇಂಟ್ ಜಾನ್‌ಗೆ ಹೋಗಿಬರುವುದು

ಸೇಂಟ್ ಥಾಮಸ್‌ನಲ್ಲಿ ಇಳಿದವರಿಗೆ ಸಿಗುವ ಅತ್ಯುತ್ತಮ ದಿನ ನಿಜವಾಗಿ ಸೇಂಟ್ ಥಾಮಸ್‌ನದಲ್ಲ, ಪಕ್ಕದ ಸೇಂಟ್ ಜಾನ್‌ನದು. ಆ ದ್ವೀಪದ ಅರ್ಧಕ್ಕಿಂತ ಹೆಚ್ಚು ಭಾಗ 1956ರಲ್ಲಿ ಶುರುವಾದ ವರ್ಜಿನ್ ಐಲ್ಯಾಂಡ್ಸ್ ರಾಷ್ಟ್ರೀಯ ಉದ್ಯಾನ. ಅಲ್ಲಿನ ಟ್ರಂಕ್ ಬೇ ತೀರದಲ್ಲಿ ನೀರಿನಡಿಯಲ್ಲೇ ಫಲಕಗಳನ್ನು ನೆಟ್ಟು ಸ್ನಾರ್ಕಲ್ ದಾರಿಯೊಂದನ್ನು ಮಾಡಿದ್ದಾರೆ, ಉದ್ದ ಇನ್ನೂರು ಮೀಟರ್‌ನಷ್ಟು. ಹೊಸಬರೂ ದಾರಿ ತಪ್ಪದೆ ಹವಳ ನೋಡಿಕೊಂಡು ಬರಬಹುದು.

ಲೆಕ್ಕ ಹೀಗೆ. ಹ್ಯಾವೆನ್‌ಸೈಟ್‌ನಿಂದ 8:40ಕ್ಕೆ ಸಫಾರಿ ಹತ್ತಿದರೆ 9:20ರ ಹೊತ್ತಿಗೆ ಫೆರಿ ಹೊರಡುವ ರೆಡ್ ಹುಕ್. ಅಲ್ಲಿಂದ ಗಂಟೆಗೊಂದು ಫೆರಿ. ಹತ್ತರದು ಹಿಡಿದರೆ ಇಪ್ಪತ್ತು ನಿಮಿಷದಲ್ಲಿ ಸೇಂಟ್ ಜಾನ್‌ನ ಕ್ರೂಸ್ ಬೇ, ಅಲ್ಲಿಂದ ಟ್ರಂಕ್ ಬೇಗೆ ಟ್ಯಾಕ್ಸಿಯಲ್ಲಿ ಕಾಲು ಗಂಟೆ. ಹತ್ತು ಮುಕ್ಕಾಲಿಗೆ ಮರಳಿನ ಮೇಲೆ. ವಾಪಸಿಗೆ ಮಧ್ಯಾಹ್ನ ಎರಡರ ಫೆರಿ ಹಿಡಿಯಬೇಕು, ಅಂದರೆ 1:15ಕ್ಕೆ ನೀರಿನಿಂದ ಏಳಬೇಕು. ಮೂರೂಕಾಲಿಗೆ ಹಡಗಿನ ಬುಡ ಸೇರುತ್ತೀರಿ. ಮೂರರ ಫೆರಿಗೂ ನಾಲ್ಕೂವರೆಯೊಳಗೆ ಹಡಗು ಹತ್ತಬಹುದಲ್ಲ ಎಂದು ಅನಿಸುತ್ತದೆ, ಹತ್ತಬಹುದು. ಆದರೆ ಅದು ತಪ್ಪಿದರೆ ಮುಂದಿನದು ನಾಲ್ಕಕ್ಕೆ, ಆಗ ಹಡಗು ತಪ್ಪಿದಂತೆಯೇ. ಎರಡರದನ್ನು ನೆಚ್ಚಿಕೊಂಡು ಮೂರರದನ್ನು ಆಪತ್ತಿಗೆ ಇಟ್ಟುಕೊಳ್ಳಬೇಕು. ತೀರದಲ್ಲಿ ಸಿಗುವುದು ಎರಡೂವರೆ ಗಂಟೆ.

ಹಡಗು ನಿಲ್ಲುವುದೇ ಏಳು ಗಂಟೆಗಿಂತ ಕಡಿಮೆ ಎಂದಾದರೆ ಸ್ವಂತವಾಗಿ ಸೇಂಟ್ ಜಾನ್‌ಗೆ ಹೋಗುವ ಸಾಹಸ ಬೇಡ. ಹಡಗಿನವರೇ ಮಾರುವ ಪ್ರವಾಸ ದುಬಾರಿಯಾದರೂ, ಅದು ತಡವಾದರೆ ಹಡಗು ಕಾಯುತ್ತದೆ. ಉಳಿದ ಕಡೆ ಈ ದುಬಾರಿ ಟಿಕೆಟ್ ದಂಡ, ಇಲ್ಲಿ ಮಾತ್ರ ಅದಕ್ಕೆ ಬೆಲೆಯಿದೆ. ಚಳಿಗಾಲದಲ್ಲಿ ಉತ್ತರದಿಂದ ಅಲೆಯುಬ್ಬರ ಬಂದಾಗ ಟ್ರಂಕ್ ಬೇ ಕಲಕಿ ಏನೂ ಕಾಣದಂತಾಗುತ್ತದೆ. ಅಂಥ ದಿನ ಮೇಗನ್ಸ್ ಬೇಗೆ ತಿರುಗುವುದು ಮೇಲು.

ಊರು ನೋಡುವ ಆಸೆಯಿದ್ದವರಿಗೆ ಶಾರ್ಲಟ್ ಅಮಾಲಿ ಫಿಲಿಪ್ಸ್‌ಬರ್ಗ್‌ಗಿಂತ ರುಚಿಯಾದ ಊರು. ಡೇನರ ಕಾಲದ ಕೆಂಪು ಕೋಟೆ ಫೋರ್ಟ್ ಕ್ರಿಶ್ಚಿಯನ್, ನೆಲಕ್ಕೆ ಮರಳು ಹಾಸಿರುವ 1833ರ ಯಹೂದಿ ಪ್ರಾರ್ಥನಾ ಮಂದಿರ, ಚಿತ್ರಕಾರ ಕಮೀಲ್ ಪಿಸ್ಸಾರೊ ಹುಟ್ಟಿದ ಬೀದಿ. ಗುಡ್ಡಕ್ಕೆ ಹತ್ತಿಸುವ ‘ತೊಂಬತ್ತೊಂಬತ್ತು ಮೆಟ್ಟಿಲು’ ಎಣಿಸಿದರೆ 103 ಇವೆ. ಮಂಡಿನೋವಿನವರಿಗೆ ಆ ನಾಲ್ಕೂ ಹೆಚ್ಚೇ.

ಕಾಗದಪತ್ರ

ಅಮೆರಿಕದಲ್ಲಿರುವ ಕನ್ನಡಿಗರು ಊರಿನಿಂದ ಬಂದ ಅಪ್ಪ-ಅಮ್ಮನನ್ನು ಕ್ರೂಸ್‌ಗೆ ಕರೆದೊಯ್ಯುವುದು ಈಗ ಮಾಮೂಲು. ಅವರ ಪ್ರವಾಸಿ ವೀಸಾ ಹಲವು ಬಾರಿ ಪ್ರವೇಶಕ್ಕೆ ಅವಕಾಶ ಕೊಡುವಂಥದ್ದಾಗಿರಬೇಕು, ಹಿಂತಿರುಗುವ ದಿನಕ್ಕೂ ಚಾಲ್ತಿಯಲ್ಲಿರಬೇಕು. ಎಚ್-1ಬಿ ಉದ್ಯೋಗ ವೀಸಾ ಮೇಲಿರುವವರು ತಮ್ಮದನ್ನೂ ನೋಡಿಕೊಳ್ಳಿ. ಪಾಸ್‌ಪೋರ್ಟಿನಲ್ಲಿರುವ ವೀಸಾ ಮುದ್ರೆಯ ಅವಧಿ ಮುಗಿದಿದ್ದರೆ ಐ-797 ಎಂಬ ಅನುಮೋದನೆ ಪತ್ರವೊಂದೇ ಸಾಲದು.

ಸೇಂಟ್ ಥಾಮಸ್‌ಗೆ ಹೊರದೇಶದ ಬಂದರಿನಿಂದ ಹಡಗು ಬಂದಾಗ ಅಮೆರಿಕದ ವಲಸೆ ಅಧಿಕಾರಿಗಳ ತಪಾಸಣೆ ಅಲ್ಲೇ ನಡೆಯುವುದುಂಟು. ಹಿಂದಿನ ರಾತ್ರಿ ಕೋಣೆಗೆ ಚೀಟಿ ಬಂದಿರುತ್ತದೆ. ಅಮೆರಿಕದ ಪೌರರಲ್ಲದವರು ಪಾಸ್‌ಪೋರ್ಟ್ ಹಿಡಿದು ಬೆಳಗ್ಗೆ ಇಂತಿಷ್ಟು ಗಂಟೆಗೆ ಇಂಥ ಕಡೆ ಬರಬೇಕು ಎಂದು. ಕೆಳಗಿಳಿಯುವ ಉದ್ದೇಶ ಇಲ್ಲದವರೂ ಹೋಗಲೇಬೇಕು, ಸಾಲು ಒಂದು ಗಂಟೆ ಹಿಡಿದರೂ ಹಿಡಿಯಿತು. ಸೇಂಟ್ ಜಾನ್‌ನ ಹತ್ತರ ಫೆರಿಯ ಲೆಕ್ಕ ಕೈಕೊಡುವುದು ಹೆಚ್ಚಾಗಿ ಇಲ್ಲೇ.

ಅಂಗಡಿ, ಊಟ

ಎರಡೂ ಊರಿನ ಮುಖ್ಯಬೀದಿಗಳಲ್ಲಿ ಸಿಂಧಿ ವ್ಯಾಪಾರಿಗಳ ಅಂಗಡಿಗಳು ಸಾಕಷ್ಟಿವೆ. ಹಿಂದಿಯಲ್ಲೇ ಚೌಕಾಸಿ ನಡೆಯುತ್ತದೆ. ಚಿನ್ನ ಕೊಳ್ಳುವ ಮುನ್ನ ಗಮನಿಸಿ: ಇಲ್ಲಿನ ಒಡವೆ ಹೆಚ್ಚಾಗಿ 14 ಕ್ಯಾರೆಟ್, ಅಂದರೆ ನೂರಕ್ಕೆ 58 ಭಾಗದಷ್ಟು ಚಿನ್ನ. ನಮ್ಮ 22 ಕ್ಯಾರೆಟ್‌ನ ಬೆಲೆಗೆ ಹೋಲಿಸಿ ‘ಅಗ್ಗ’ ಎನ್ನುವುದು ತಪ್ಪು ಲೆಕ್ಕ. ಹಡಗಿನಲ್ಲಿ ಹಂಚುವ ‘ಶಿಫಾರಸು ಮಾಡಿದ ಅಂಗಡಿ’ಗಳ ನಕ್ಷೆಯಲ್ಲಿ ಇರುವವರು ಹೆಸರು ಹಾಕಿಸಲು ದುಡ್ಡು ಕೊಟ್ಟವರು. ಅಮೆರಿಕದ ನಿವಾಸಿಗಳಿಗೆ ಸುಂಕದಲ್ಲಿ ನಿಜವಾದ ಲಾಭ ಇರುವುದು ಸೇಂಟ್ ಥಾಮಸ್‌ನಲ್ಲಿ. ಅಲ್ಲಿಂದ ತಲೆಗೆ 1,600 ಡಾಲರ್‌ವರೆಗೆ ಸುಂಕವಿಲ್ಲ, ಸೇಂಟ್ ಮಾರ್ಟೆನ್‌ನಿಂದ 800.

ಸಸ್ಯಾಹಾರಿಗಳು ಎರಡೂ ಕಡೆ ‘ರೋಟಿ’ ಎಂಬ ಬೋರ್ಡು ಹುಡುಕಿ. ಟ್ರಿನಿಡಾಡ್‌ನ ಭಾರತೀಯ ಮೂಲದವರಿಂದ ಹಬ್ಬಿದ ತಿಂಡಿ, ಕಡಲೆ-ಆಲೂಗಡ್ಡೆ ಪಲ್ಯ ಸುತ್ತಿ ಕೊಡುತ್ತಾರೆ. ಅನ್ನ-ಕಾಳು ಕೇಳುವ ಮುಂಚೆ ಮಾಂಸ ಹಾಕಿ ಬೇಯಿಸಿದ್ದೇ ಎಂದು ವಿಚಾರಿಸಿ. ಸೇಂಟ್ ಥಾಮಸ್‌ನ ‘ಫುಂಜಿ’ ನಮ್ಮವರಿಗೆ ಪರಿಚಿತ ಎನಿಸುವಂಥದ್ದು: ಮೆಕ್ಕೆಜೋಳದ ಹಿಟ್ಟನ್ನು ಬೆಂಡೆಕಾಯಿ ಜೊತೆ ಗೊಟಾಯಿಸಿ ಮಾಡುವ ಮುದ್ದೆ. ಪಕ್ಕದಲ್ಲಿ ಬಡಿಸುವುದು ಮಾತ್ರ ಮೀನು.

ಹಾಗಾದರೆ ಯಾವುದು?

ಒಂದನ್ನೇ ಆರಿಸಬೇಕೆಂದಾದರೆ, ನೀರೇ ಮುಖ್ಯ ಎನ್ನುವವರಿಗೆ ಸೇಂಟ್ ಥಾಮಸ್. ಇಡೀ ದಿನ ಸಿಗುವುದಾದರೆ ಸೇಂಟ್ ಜಾನ್, ಇಲ್ಲದಿದ್ದರೆ ಮೇಗನ್ಸ್ ಬೇ. ನಡಿಗೆ ನಿಧಾನವಾದ ಹಿರಿಯರು, ಕೈಗೂಸು ಇರುವವರು, ಮಧ್ಯೆ ಒಮ್ಮೆ ಹಡಗಿಗೆ ಹೋಗಿ ಮಲಗಿ ಬರಬೇಕೆನ್ನುವವರಿಗೆ ಸೇಂಟ್ ಮಾರ್ಟೆನ್ ಸಲೀಸು. ವಿಮಾನದ ಹುಚ್ಚಿರುವ ಮಗ ಮನೆಯಲ್ಲಿದ್ದರೆ ಚರ್ಚೆಯೇ ಬೇಡ, ಸೇಂಟ್ ಮಾರ್ಟೆನ್. ಹಡಗು ಎರಡೂ ಕಡೆ ನಿಲ್ಲುವುದಾದರೆ ಸೇಂಟ್ ಥಾಮಸ್‌ನಲ್ಲಿ ದುಡ್ಡು ಖರ್ಚು ಮಾಡಿ, ಸೇಂಟ್ ಮಾರ್ಟೆನ್‌ನಲ್ಲಿ ಬೋರ್ಡ್‌ವಾಕ್ ಅಡ್ಡಾಡಿ ಬನ್ನಿ.

ಖಾಸಗಿ ದೋಣಿಯನ್ನೋ ಗಾಡಿಯನ್ನೋ ಮುಂಗಡ ಕೊಟ್ಟು ಗೊತ್ತುಮಾಡುವಾಗ, ಹಡಗು ಬಂದರಿಗೆ ಬಾರದಿದ್ದರೆ ಪೂರ್ತಿ ಹಣ ವಾಪಸು ಎಂಬ ಮಾತು ಬರಹದಲ್ಲಿರಲಿ. ಗಾಳಿ ಜೋರಾದ ದಿನ ಕ್ಯಾಪ್ಟನ್ ಬಂದರನ್ನೇ ಬಿಟ್ಟು ಹೋಗುತ್ತಾನೆ. ಆಗ ಹಡಗಿನವರು ನಿಮಗೆ ಹಿಂತಿರುಗಿಸುವುದು ಬಂದರಿನ ಶುಲ್ಕ ಮತ್ತು ಅವರಿಂದಲೇ ಕೊಂಡ ಪ್ರವಾಸದ ಹಣ ಮಾತ್ರ.